ಗೆದ್ದು ಬಂದವನ ಮನೆ

ಕೆರೆಯ ಏರಿಯ ಮೇಲೋ ಹಾಳುಬಿದ್ದ ಗುಡಿಯ ಮಗ್ಗುಲಲ್ಲೋ ಒಂದೆರಡಾದರೂ ವೀರಗಲ್ಲುಗಳನ್ನು ಕಾಣದ ಸೀಮೆ ನಮ್ಮ ನಾಡಿನಲ್ಲಿ ಅಪರೂಪ. ಅವುಗಳ ವಿನ್ಯಾಸ ವಾಚಕರಿಗೆ ತಿಳಿದದ್ದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ಅದರ ಮೇಲೆ, ವೀರನನ್ನು ಇಕ್ಕೆಲದಲ್ಲೂ ಹಿಡಿದು ಎತ್ತಿ ಒಯ್ಯುತ್ತಿರುವ ಅಪ್ಸರೆಯರು; ಇನ್ನೂ ಮೇಲೆ, ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರ. ತುರು ಕಾಯಲು ಹೋಗಿ ಸತ್ತವನ ಕಥೆಯೂ ಅರಸನಿಗಾಗಿ ಸತ್ತವನ ಕಥೆಯೂ ಹೀಗೆ ಮೂರು ಪಟ್ಟಿಕೆಗಳಲ್ಲಿ ಮುಗಿದುಹೋಗುತ್ತದೆ. ಆದರೆ ಅವನ ಭುಜಕ್ಕೆ ಭುಜ ತಾಗಿಸಿ ನಿಂತು ಕಾದಿ, ಸಾಯದೆ, ಸಂಜೆ ಮನೆಗೆ ನಡೆದುಬಂದವನೊಬ್ಬ ಇದ್ದೇ ಇರಬೇಕಷ್ಟೆ. ಅವನನ್ನು ಬಾಗಿಲಲ್ಲಿ ಎದುರುಗೊಂಡ ಹೆಂಡತಿ, ಅವನ ಮೈಮೇಲಿನ ನೆತ್ತರನ್ನು ಕಂಡು ಹಿಂದೆ ಸರಿದ ಮಗು, ರಾತ್ರಿ ಅವನು ಕೂಗಿಕೊಂಡು ಎದ್ದಾಗ ಏನು ಮಾಡಬೇಕೆಂದು ತಿಳಿಯದೆ ಕುಳಿತ ತಾಯಿ, ಇವರಿಗಾಗಿ ಶಿಲ್ಪಿ ಪಟ್ಟಿಕೆ ಕೊರೆಯಲಿಲ್ಲ.

ಮಂಡ್ಯ ಸೀಮೆಯ ಆತಕೂರಿನ ಶಾಸನವೊಂದು ಮಾತ್ರ ಈ ವಿಷಯದಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತದೆ. ಹತ್ತನೆಯ ಶತಮಾನದ ನಡುವೆ, 949ರ ಸುಮಾರಿಗೆ, ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಘೋರಯುದ್ಧವಾಯಿತು. ಗಂಗರ ಬೂತುಗ ಕೃಷ್ಣನ ಪಕ್ಷ ವಹಿಸಿದ್ದ. ರಾಜಾದಿತ್ಯ ಆ ಯುದ್ಧದಲ್ಲಿ ಮಡಿದ. ಬೂತುಗನ ಬಂಟ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಬೇಕಾದ್ದನ್ನು ಬೇಡಿಕೊಳ್ಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಂದರ ಮೇಲೆ ಬಿದ್ದು, ನಾಯಿಯೂ ಹಂದಿಯೂ ಜೊತೆಗೇ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ತಕ್ಕೋಲದಂಥ ಯುದ್ಧದಿಂದ ಉಳಿದು ಬಂದವನು ಊರು ಕೇಳದೆ ಹೊನ್ನು ಕೇಳದೆ ನಾಯಿಯನ್ನೇಕೆ ಕೇಳಿದ? ಬೇಟೆಯ ಹುಚ್ಚೆಂದು ಹೇಳಿ ಮುಂದಿನ ಸಾಲಿಗೆ ಹೋಗುವುದು ಸುಲಭ; ತರಗತಿಯಲ್ಲಿ ನಾನೂ ಹಾಗೆಯೇ ಹೇಳಿ ಮುಂದೆ ಹೋಗುತ್ತೇನೆ. ಶಾಸನಕ್ಕೆ ಅದು ಹೇಳದ ಮಾತನ್ನು ಹಚ್ಚುವುದು ಸಲ್ಲದು.

ಇನ್ನು ನಮ್ಮ ಕವಿಗಳು. ಪಂಪನ ಕಾವ್ಯ ಅರ್ಜುನನ ಪಟ್ಟಾಭಿಷೇಕಕ್ಕೆ ಮುಗಿಯುತ್ತದೆ. ರನ್ನನ ಗದಾಯುದ್ಧ ಭೀಮನ ಪಟ್ಟಾಭಿಷೇಕಕ್ಕೆ ಮುಗಿಯುತ್ತದೆ. ಕುಮಾರವ್ಯಾಸ ಹತ್ತು ಪರ್ವಗಳನ್ನು ಹಾಡಿ ಗದಾಪರ್ವಕ್ಕೆ ನಿಲ್ಲಿಸಿದ. ಶಾಂತಿಪರ್ವದಿಂದ ಮುಂದಿನದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಪೂರೈಸಬೇಕಾಯಿತು. ಕುಮಾರವ್ಯಾಸನನ್ನು ಓದಿದವರಲ್ಲಿ ತಿಮ್ಮಣ್ಣನನ್ನೂ ಓದಿದವರು ನೂರಕ್ಕೆ ಒಬ್ಬರಿದ್ದರೆ ಹೆಚ್ಚು. ರಣರಂಗದ ಧೂಳು ಅಡಗಿದ ಮೇಲೆ ಕೇಳುವವರೂ ಎದ್ದು ಹೋಗುತ್ತಾರೆಂದು ತೋರುತ್ತದೆ.

ಆದರೆ ವ್ಯಾಸಭಾರತ ಅಲ್ಲಿಗೆ ಬಿಡುವುದಿಲ್ಲ. ಶಾಂತಿಪರ್ವದ ಮೊದಲ ಅಧ್ಯಾಯಗಳನ್ನು ರಾಜಧರ್ಮದ ಪೀಠಿಕೆಯೆಂದು ಓದುವ ಬದಲು ಒಂದು ಮನೆಯ ಜಗಳವೆಂದು ಓದಿ ನೋಡಬೇಕು. ಯುದ್ಧ ಗೆದ್ದ ಹಿರಿಯ ಮಗ ತನಗೆ ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ತಾನು ಕೊಲ್ಲಿಸಿದ ಕರ್ಣ ತನ್ನ ಅಣ್ಣನೆಂದು ತಾಯಿ ಯುದ್ಧ ಮುಗಿದ ಮೇಲೆ ಹೇಳಿದ್ದಾಳೆ. ಅವಳ ಮೇಲೆ ಅವನಿಗೆ ತಡೆಯಲಾರದ ಕೋಪ. ಅರ್ಜುನ ರೇಗುತ್ತಾನೆ, ಭೀಮ ಹಂಗಿಸುತ್ತಾನೆ. ದ್ರೌಪದಿಯಂತೂ, ದಾರಿ ತಪ್ಪಿ ನಡೆಯುವವನಿಗೆ ಧೂಪ ಹಾಕಿ, ಕಣ್ಣಿಗೆ ಅಂಜನ ಹಚ್ಚಿ, ಮೂಗಿಗೆ ನಸ್ಯ ಬಿಟ್ಟು ಮದ್ದು ಮಾಡಬೇಕು ಎನ್ನುತ್ತಾಳೆ. ಎಂದರೆ, ಗಂಡನಿಗೆ ಚಿತ್ತಸ್ವಾಸ್ಥ್ಯ ತಪ್ಪಿದೆ ಎಂಬುದೇ ಅವಳ ಮಾತಿನ ತಾತ್ಪರ್ಯ. ಅವಳನ್ನು ಕಠೋರಳೆನ್ನಲು ನನ್ನ ಮನಸ್ಸು ಒಪ್ಪದು. ಅವಳ ಐವರು ಮಕ್ಕಳೂ ಒಂದೇ ರಾತ್ರಿಯಲ್ಲಿ ಹತರಾಗಿದ್ದಾರೆ. ಅವಳ ದುಃಖಕ್ಕೆ ಆ ಮನೆಯಲ್ಲಿ ಎಡೆಯೇ ಇಲ್ಲ. ಎಲ್ಲರೂ ಧರ್ಮರಾಯನ ದುಃಖವನ್ನು ಸಂತೈಸುವುದರಲ್ಲೇ ಮಗ್ನರು.

ಇದಕ್ಕೆ ಹೆಸರು ಹುಡುಕುವ ಪ್ರಯತ್ನ ನಡೆದದ್ದು, ಹೆಸರು ಸಿಕ್ಕಿಯೂ ಮತ್ತೆ ಕಳೆದುಹೋದದ್ದು, ಮೊದಲನೆಯ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿ. ಆ ಕಥೆಯನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು.

1915ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರು ಸೈನಿಕರ ವಿಷಯ ಬರೆದ. ಹತ್ತಿರದಲ್ಲೇ ಶೆಲ್ಲುಗಳು ಸಿಡಿದಿದ್ದುವು. ಮೈಮೇಲೆ ಹೇಳಿಕೊಳ್ಳುವಂಥ ಗಾಯವಿಲ್ಲ. ಆದರೆ ದೃಷ್ಟಿ ಮಂಜಾಗಿತ್ತು, ರುಚಿ ವಾಸನೆಗಳು ಹೋಗಿದ್ದುವು, ನೆನಪು ಕೆಟ್ಟಿತ್ತು. ಆ ಲೇಖನದಿಂದ ‘ಶೆಲ್ ಶಾಕ್’ ಎಂಬ ಮಾತು ವೈದ್ಯರ ಬರಹಕ್ಕೆ ಬಂತು. ಶೆಲ್ಲು ಸಿಡಿದಾಗ ಗಾಳಿಯ ಒತ್ತಡ ಮಿದುಳಿಗೆ ತಾಗಿ ಹೀಗಾಗುತ್ತದೆಂದು ಮೊದಲು ಅನೇಕರು ಭಾವಿಸಿದ್ದರು. ಆದರೆ ಶೆಲ್ಲಿನ ಹತ್ತಿರಕ್ಕೂ ಸುಳಿಯದ ಸೈನಿಕರಲ್ಲೂ ಅದೇ ನಡುಕ, ಅದೇ ಮೂಕತನ ಕಾಣತೊಡಗಿದಾಗ ಮೈಯರ್ಸನಿಗೇ ತನ್ನ ಮಾತು ಸರಿಯಲ್ಲವೆನಿಸಿತು. 1917ರಲ್ಲಿ ಸೇನೆ ಆ ಪದವನ್ನು ಬಳಸಕೂಡದೆಂದು ಕಟ್ಟುಮಾಡಿತು. ನರಗಳ ತೊಂದರೆ, ರೋಗ ಇನ್ನೂ ನಿರ್ಧಾರವಾಗಿಲ್ಲ ಎಂಬರ್ಥದ ನಾಲ್ಕಕ್ಷರದ ಚೀಟಿ ಅದರ ಬದಲು ಬಂತು. ಯುದ್ಧ ಮುಗಿದ ಮೇಲೆ ಸೌತ್‌ಬರೋ ಪ್ರಭುವಿನ ಅಧ್ಯಕ್ಷತೆಯಲ್ಲಿ ಕುಳಿತ ಸಮಿತಿಯೂ 1922ರ ವರದಿಯಲ್ಲಿ ಆ ಹೆಸರನ್ನು ಕೈಬಿಡುವುದೇ ಮೇಲೆಂದಿತು. ಬ್ರಿಟಿಷ್ ಸೇನೆಯಲ್ಲಿ ಅಷ್ಟರಲ್ಲಿ ಸುಮಾರು 80,000 ಮಂದಿಗೆ ಆ ಹೆಸರು ಅಂಟಿಯಾಗಿತ್ತು. ಹೆಸರನ್ನು ಅಳಿಸಿದರೂ ಮನುಷ್ಯರು ಉಳಿದಿದ್ದರು; ಅವರೆಲ್ಲ ಮನೆಗಳಿಗೆ ಹೋದರು.

ಒಂದು ಪಂಕ್ತಿಭೇದವನ್ನೂ ಇಲ್ಲಿ ಹೇಳಬೇಕು. ಅಧಿಕಾರಿಗಳಿಗೆ ಬಂದ ಕಾಯಿಲೆಗೆ ‘ನ್ಯೂರಸ್ತೀನಿಯ’ ಎಂಬ ಗೌರವದ ಹೆಸರು; ಸಾಮಾನ್ಯ ಸಿಪಾಯಿಗೆ ಬಂದರೆ ಅದು ‘ಹಿಸ್ಟೀರಿಯ’, ಹೆಂಗಸರ ರೋಗವೆಂದು ಆ ಕಾಲದವರು ತಿಳಿದಿದ್ದ ರೋಗ. ಅಧಿಕಾರಿಗೆ ಎಡಿನ್‌ಬರೋದ ಹತ್ತಿರ ಕ್ರೇಗ್‌ಲಾಕಾರ್ಟ್ ಎಂಬ ತೋಟ-ಮೈದಾನಗಳ ಆಸ್ಪತ್ರೆ, ವೈದ್ಯನೊಡನೆ ಮಾತುಕತೆ. ಮೂಕನಾದ ಸಿಪಾಯಿಗೆ ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಲೂಯಿಸ್ ಯೆಲೆಂಡ್ ಗಂಟಲಿಗೆ ವಿದ್ಯುತ್ತು ಹಾಯಿಸಿ ಮಾತು ಹೊರಡಿಸಿದ. ಇದನ್ನು ಯೆಲೆಂಡನೇ 1918ರ ತನ್ನ ಪುಸ್ತಕದಲ್ಲಿ ಹೆಮ್ಮೆಯಿಂದ ವಿವರಿಸಿದ್ದಾನೆ.

ಕ್ರೇಗ್‌ಲಾಕಾರ್ಟಿನ ವೈದ್ಯರಲ್ಲಿ ಡಬ್ಲ್ಯೂ. ಎಚ್. ಆರ್. ರಿವರ್ಸ್ ನಮಗೆ ತೀರ ಹೊರಗಿನವನಲ್ಲ. 1901-02ರಲ್ಲಿ ನೀಲಗಿರಿಗೆ ಬಂದು ತೋಡರ ನಡುವೆ ಇದ್ದು, ಅವರ ಮೇಲೆ 1906ರಲ್ಲಿ ದೊಡ್ಡ ಗ್ರಂಥ ಬರೆದವನು ಇವನೇ. ಯಾರ ಮಗ ಯಾರು, ಯಾರ ಹೆಂಡತಿ ಯಾರು, ಯಾರನ್ನು ಯಾರು ಏನೆಂದು ಕರೆಯುತ್ತಾರೆ ಎಂದು ಮನೆಮನೆಯ ವಂಶಾವಳಿ ಬರೆದುಕೊಂಡು ಒಂದು ಜನದ ಬಾಳನ್ನು ತಿಳಿಯುವ ಕ್ರಮವನ್ನು ರೂಢಿಗೆ ತಂದವನು. ಮಂದಿನಲ್ಲಿ ಕುಳಿತು ತೋಡರ ಅಜ್ಜಂದಿರ ಹೆಸರು ಬರೆದುಕೊಂಡವನು ಹದಿನೈದು ವರ್ಷಗಳ ಮೇಲೆ, ನಿದ್ದೆಗೆ ಹೆದರುವ ತರುಣ ಅಧಿಕಾರಿಗಳ ಎದುರು ಕುಳಿತ. ಇದ್ದ ಊರು ಬೇರೆಯಾದರೂ ಕೇಳುವ ತಾಳ್ಮೆ ಅದೇ.

1917ರ ಡಿಸೆಂಬರಿನಲ್ಲಿ ಆತ ಓದಿದ ಒಂದು ಪ್ರಬಂಧ, ಮರುವರ್ಷ ‘ಲ್ಯಾನ್ಸೆಟ್’ನಲ್ಲಿ ಅಚ್ಚಾದದ್ದು, ನಮ್ಮ ವಿಷಯದ ತಿರುಳನ್ನು ಮುಟ್ಟುತ್ತದೆ. ಯುದ್ಧದಿಂದ ಬಂದವನಿಗೆ ವೈದ್ಯರೂ ಬಂಧುಗಳೂ ಒಂದೇ ಹಿತವಚನ ಹೇಳುತ್ತಾರೆ: ಅದನ್ನೆಲ್ಲ ಮರೆತುಬಿಡು, ಸುಂದರವಾದ್ದನ್ನು ನೆನೆ, ಆ ಮಾತೇ ಬೇಡ. ಹಗಲೆಲ್ಲ ಹಾಗೆ ಅದುಮಿಟ್ಟದ್ದು ರಾತ್ರಿ ಕನಸಾಗಿ ಎದ್ದು ಬರುತ್ತದೆಂದು ರಿವರ್ಸ್ ತೋರಿಸಿದ. ಶೆಲ್ಲಿಗೆ ಸಿಕ್ಕಿ ಛಿದ್ರವಾದ ಗೆಳೆಯನ ದೇಹವನ್ನು ಕಂಡಿದ್ದ ಅಧಿಕಾರಿಯೊಬ್ಬನಿಗೆ ಆ ಗೆಳೆಯ ರಾತ್ರಿರಾತ್ರಿಯೂ ವಿಕಾರರೂಪದಲ್ಲಿ ಹತ್ತಿರ ಬರುತ್ತಿದ್ದ. ಅಷ್ಟು ಛಿದ್ರವಾಗಬೇಕಾದರೆ ಸಾವು ಕ್ಷಣದಲ್ಲಿ ಬಂದಿರಬೇಕು, ನಿನ್ನ ಗೆಳೆಯ ನರಳಲಿಲ್ಲ, ಅದನ್ನು ನೆನೆ ಎಂದ ರಿವರ್ಸ್. ಕನಸು ಬದಲಾಯಿತು: ಅಧಿಕಾರಿ ಹೆದರದೆ ಆ ದೇಹದ ಪಕ್ಕದಲ್ಲಿ ಮೊಣಕಾಲೂರಿ ಕುಳಿತ. ಆದರೆ ಇನ್ನೊಬ್ಬನಿದ್ದ. ಸಿಡಿತದ ರಭಸಕ್ಕೆ ಎಸೆಯಲ್ಪಟ್ಟು, ಕೆಲವು ದಿನಗಳ ಹಿಂದೆ ಸತ್ತು ಉಬ್ಬಿದ ಜರ್ಮನ್ ಸೈನಿಕನ ಹೆಣದ ಮೇಲೆ ಮುಖವೂರಿ ಬಿದ್ದಿದ್ದವನು. ಅವನ ಅನುಭವದಲ್ಲಿ ಹಿಡಿದುಕೊಳ್ಳಲು ಸಮಾಧಾನದ ಒಂದು ಎಳೆಯನ್ನೂ ತನ್ನಿಂದ ಹುಡುಕಲಾಗಲಿಲ್ಲವೆಂದು ರಿವರ್ಸ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ವೈದ್ಯಗ್ರಂಥಗಳಲ್ಲಿ ಇಂಥ ಒಪ್ಪಿಗೆ ಅಪೂರ್ವ.

ಹೇಳಿಕೊಂಡರೆ ಭಾರ ಇಳಿಯುತ್ತದೆ ಎಂಬುದು ಈಗ ಎಲ್ಲರ ಬಾಯಲ್ಲಿರುವ ಮಾತು. ಆದರೆ ಯಾರ ಬಳಿ? ರಿವರ್ಸನಿಗೆ ಕೇಳುವುದೇ ಕಸುಬು. ಸಂಜೆಯಾದರೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಲ್ಲ. ಹೆಂಡತಿಗೆ ಆ ಸೌಕರ್ಯವಿಲ್ಲ. ಹೇಳಿದರೆ ಅವಳು ಹೆದರಿಯಾಳು. ಹೇಳದಿದ್ದರೆ ತನ್ನ ಮೇಲೆ ಪ್ರೀತಿ ಹೋಗಿದೆಯೆಂದುಕೊಂಡಾಳು. ‘ಮರೆತುಬಿಡು’ ಎಂದವರು ಕಲ್ಲೆದೆಯವರಲ್ಲ. ಮನೆಯನ್ನು ಉಳಿಸಿಕೊಳ್ಳಲು ಅವರಿಗೆ ತೋಚಿದ್ದು ಅದೊಂದೇ.

ನಮ್ಮ ಸೈನಿಕರ ಪಾಡು ಇನ್ನೂ ಬೇರೆ. ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಹಿಡಿದವರಲ್ಲಿ ಮೈಸೂರು ಲಾನ್ಸರ್ಸ್ ಕುದುರೆಸವಾರರೂ ಇದ್ದರು. 1914ರ ಕೊನೆಯಿಂದ ಸುಮಾರು ಒಂದು ವರ್ಷ ಫ್ರಾನ್ಸಿನ ಕಂದಕಗಳಲ್ಲಿ ಚಳಿ ಕೆಸರುಗಳಲ್ಲಿ ನಿಂತ ಕಾಲಾಳುಗಳು ಊರಿಗೆ ಬರೆಸಿದ ಕಾಗದಗಳನ್ನು ಸರಕಾರ ತೆರೆದು ಓದಿಸುತ್ತಿತ್ತು. ಇಂಗ್ಲಿಷಿಗೆ ತಿರುಗಿಸಿದ ಆಯ್ದ ಭಾಗಗಳು ಲಂಡನ್ನಿನಲ್ಲಿ ಇಂದಿಗೂ ಇವೆ. ಗೂಢಚಾರಿಕೆಗೆಂದು ಮಾಡಿದ ಕೆಲಸ ಇತಿಹಾಸಕಾರನಿಗೆ ಭಂಡಾರವಾಗಿ ಉಳಿಯಿತು. ಓದುತ್ತಾರೆಂಬುದು ಸಿಪಾಯಿಗಳಿಗೂ ಗೊತ್ತು. ಅದಕ್ಕೇ ಒಗಟಿನ ಮಾತು: ಕರಿಮೆಣಸು ಮುಗಿಯುತ್ತ ಬಂತು, ಕೆಂಪುಮೆಣಸು ಸ್ವಲ್ಪಸ್ವಲ್ಪ ಬಳಕೆಯಾಗುತ್ತಿದೆ ಎಂಬರ್ಥದಲ್ಲಿ ಬರೆಸಿದರೆ, ಕರಿಯದು ನಮ್ಮವರು, ಕೆಂಪು ಬಿಳಿಯರು. ಬ್ರೈಟನ್ನಿನ ಅರಮನೆಯ ಆಸ್ಪತ್ರೆಯಲ್ಲಿ ಗಾಯ ಮಾಯಿಸಿಕೊಂಡವರಿಗೆ, ಮಾಯಿದ ಮೇಲೆ ಊರಿಗಲ್ಲ ಮತ್ತೆ ಕಂದಕಕ್ಕೇ ಕಳಿಸುತ್ತಾರೆಂದು ತಿಳಿದಾಗ ಆದ ಸಂಕಟ ಆ ಕಾಗದಗಳಲ್ಲಿದೆ. ತಮ್ಮಂದಿರಿಗೆ ಸೇನೆ ಸೇರಬೇಡವೆಂಬ ಸೂಚನೆಯೂ ಇದೆ.

ಆದರೆ ಕಾಗದದ ದಾರಿಯನ್ನು ನೋಡಬೇಕು. ಬರೆಯಬಾರದವನು ಬರೆಯಬಲ್ಲವನ ಕೈಲಿ ಬರೆಸಿದ. ನಡುವೆ ಅಧಿಕಾರಿ ಓದಿದ. ಹಳ್ಳಿಯಲ್ಲಿ ಓದುಬಲ್ಲ ಇನ್ನೊಬ್ಬ ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳಿದ. ಗಂಡ ಹೆಂಡತಿಗೆ ಹೇಳಬೇಕಾದ ಮಾತು ಇಷ್ಟು ಬಾಯಿಗಳನ್ನೂ ಇಷ್ಟು ಕಿವಿಗಳನ್ನೂ ಹಾದುಬಂದು ಉಳಿದೀತೆ? ಕುಶಲ ಕೇಳುವುದು, ಹಣದ ಲೆಕ್ಕ, ದನದ ವಿಚಾರ, ದೇವರ ಹೆಸರು, ಇಷ್ಟೇ ಉಳಿಯಿತು. ವರ್ಷಗಟ್ಟಲೆ ಹೀಗೆ ಮಾತು ಸೋಸಿ ಸೋಸಿ ಆಡಿದವರು ಮತ್ತೆ ಒಂದೇ ಸೂರಿನಡಿ ಬಂದಾಗ ಅದೇ ಅಭ್ಯಾಸವನ್ನು ಮುಂದುವರಿಸಿದ್ದರೆ ಆಶ್ಚರ್ಯವಿಲ್ಲ.

ಇಂಗ್ಲೆಂಡಿನಲ್ಲಿ ಸಾಕ್ಷರತೆ ಹೆಚ್ಚಿದ್ದುದರಿಂದ ಮನೆಯೊಳಗಿನ ಮಾತು ಹೊರಗೆ ಉಳಿದುಬಂದಿದೆ. ರಾಬರ್ಟ್ ಗ್ರೇವ್ಸ್ ಎಂಬ ಕವಿ 1916ರ ಜುಲೈನಲ್ಲಿ ಸೊಮ್ಮ್ ಕದನದಲ್ಲಿ ಗಾಯಗೊಂಡು, ಸತ್ತನೆಂದೇ ಅವನ ತಾಯಿಗೆ ಕಾಗದ ಹೋಗಿತ್ತು. ಬದುಕಿದ್ದಾನೆಂದು ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಬೇಕಾಯಿತು. 1918ರ ಜನವರಿಯಲ್ಲಿ ನ್ಯಾನ್ಸಿ ನಿಕಲ್ಸನ್ ಎಂಬಾಕೆಯನ್ನು ಮದುವೆಯಾದ. ಅವನಿಗೆ ಇಪ್ಪತ್ತೆರಡು, ಆಕೆಗೆ ಹದಿನೆಂಟು. 1929ರ ತನ್ನ ಆತ್ಮಕಥೆಯಲ್ಲಿ ಆ ಸಂಸಾರದ ಮೊದಲ ವರ್ಷಗಳನ್ನು ಅವನು ಹೇಳುವ ಬಗೆಯಲ್ಲಿ ಗೋಳಾಟವಿಲ್ಲ. ಅದರಿಂದಲೇ ಓದುವವನಿಗೆ ಹೆಚ್ಚು ನಾಟುತ್ತದೆ. ನಡುರಾತ್ರಿ ಹಾಸಿಗೆಯ ಮೇಲೆ ಶೆಲ್ಲುಗಳು ಸಿಡಿಯುತ್ತಿದ್ದುವು; ಪಕ್ಕದಲ್ಲಿ ಹೆಂಡತಿ ಮಲಗಿದ್ದಾಳೆಂದು ಅವು ನಿಲ್ಲುತ್ತಿರಲಿಲ್ಲ. ಹಗಲು ಬೀದಿಯಲ್ಲಿ ಹೋಗುವ ಅಪರಿಚಿತರಿಗೆ ಸತ್ತ ಗೆಳೆಯರ ಮುಖ. ರೈಲು ಹತ್ತಿದರೆ ವಾಂತಿ. ಟೆಲಿಫೋನು ಮುಟ್ಟಲು ದಿಗಿಲು. ಒಂದು ದಿನಕ್ಕೆ ಇಬ್ಬರಿಗಿಂತ ಹೆಚ್ಚು ಹೊಸಬರನ್ನು ಕಂಡರೆ ಆ ರಾತ್ರಿ ನಿದ್ದೆಯಿಲ್ಲ.

ನ್ಯಾನ್ಸಿಯ ಕಡೆಯಿಂದ ನೋಡೋಣ. ಮದುವೆಯಾದ ವರ್ಷದಲ್ಲೇ ಆಕೆ ತಾಯಿಯನ್ನು ಕಳೆದುಕೊಂಡಳು. ಅಣ್ಣನೂ ಫ್ರಾನ್ಸಿನಲ್ಲಿ ಗಾಯಗೊಂಡು ಸತ್ತ. 1919ರಿಂದ 1924ರೊಳಗೆ ನಾಲ್ಕು ಮಕ್ಕಳು. ಕೈಯಲ್ಲಿ ಕಾಸಿಲ್ಲ. ಆಕ್ಸ್‌ಫರ್ಡಿನ ಹೊರವಲಯದ ಗುಡ್ಡದ ಮೇಲೆ ಒಂದು ದಿನಸಿ ಅಂಗಡಿ ಇಟ್ಟರು, ಸಾಲದಲ್ಲಿ ಮುಚ್ಚಿತು. ಮದುವೆಯಾದ ಮೇಲೂ ತನ್ನ ತವರಿನ ಹೆಸರನ್ನೇ ಉಳಿಸಿಕೊಂಡ, ಹೆಣ್ಣಿನ ಹಕ್ಕಿಗಾಗಿ ಗಂಡನೊಡನೆ ವಾದಕ್ಕೆ ನಿಲ್ಲುತ್ತಿದ್ದ ತರುಣಿ, ರಾತ್ರಿ ಅವನ ಕಂದಕವನ್ನೂ ಹಗಲು ತೊಟ್ಟಿಲನ್ನೂ ಕಾಯಬೇಕಾಯಿತು. 1929ರಲ್ಲಿ ಸಂಸಾರ ಮುರಿಯಿತು. ಅದಕ್ಕೆ ಯುದ್ಧವೇ ಕಾರಣವೆಂದರೆ ತಪ್ಪಾದೀತು. ಲಾರಾ ರೈಡಿಂಗ್ ಎಂಬ ಕವಯಿತ್ರಿ ನಡುವೆ ಬಂದದ್ದು ಲೋಕಕ್ಕೆ ಗೊತ್ತಿರುವ ಕಥೆ. ಒಡೆದ ಮಡಕೆ ಯಾವ ಏಟಿಗೆ ಒಡೆಯಿತೆಂದು ಹೇಳಬಹುದು. ಬಿರುಕು ಎಂದು ಬಿಟ್ಟಿತೆಂದು ಹೇಳುವುದು ಕಷ್ಟ. ಅವರ ಹಿರಿಯ ಮಗ ಡೇವಿಡ್ ತಂದೆಯ ರೆಜಿಮೆಂಟನ್ನೇ ಸೇರಿ 1943ರಲ್ಲಿ ಬರ್ಮಾದ ಅರಾಕಾನಿನಲ್ಲಿ ಮಡಿದ.

ಗ್ರೇವ್ಸ್ ಅಧಿಕಾರಿ. ಅವನ ನಡುಕಕ್ಕೆ ನೆಂಟರು ಸ್ನೇಹಿತರು ಒದಗಿದರು. ಸಿಪಾಯಿ ನಡುಗಿದರೆ ಏನಾಗುತ್ತಿತ್ತೆಂಬುದಕ್ಕೆ ಹ್ಯಾರಿ ಫಾರ್ ಎಂಬವನ ಕಥೆಯಿದೆ. 1915ರಲ್ಲಿ ಶೆಲ್ ಶಾಕಿಗೆಂದು ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಕೈ ಎಷ್ಟು ನಡುಗುತ್ತಿತ್ತೆಂದರೆ ಹೆಂಡತಿಗೆ ಕಾಗದವನ್ನು ದಾದಿ ಬರೆದುಕೊಡಬೇಕಾಗಿತ್ತು. ಮತ್ತೆ ರಣರಂಗಕ್ಕೆ ಕಳಿಸಿದರು. 1916ರ ಸೆಪ್ಟೆಂಬರಿನಲ್ಲಿ ಮುಂದಿನ ಸಾಲಿಗೆ ಹೋಗಲಾರೆನೆಂದ. ಸೈನ್ಯದ ನ್ಯಾಯಾಲಯದಲ್ಲಿ ಅವನ ಪರವಾಗಿ ವಾದಿಸಲು ಯಾರೂ ಇರಲಿಲ್ಲ. ಹೇಡಿತನದ ಅಪರಾಧಕ್ಕಾಗಿ ಅಕ್ಟೋಬರ್ 16ರ ಬೆಳಗ್ಗೆ, 25ನೆಯ ವಯಸ್ಸಿನಲ್ಲಿ, ಅವನ ಸೇನೆಯವರೇ ಅವನಿಗೆ ಗುಂಡಿಟ್ಟರು. ಅವನ ವಿಧವೆ ಗರ್ಟ್ರೂಡಳಿಗೆ ಪಿಂಚಣಿ ಇಲ್ಲವೆಂದರು. ಕೈಗೂಸಿನೊಡನೆ ಆಕೆ ಮನೆಗೆಲಸ ಮಾಡಿ ಬದುಕಿದಳು, ಏನಾಯಿತೆಂದು ಬಾಯಿಬಿಡಲಿಲ್ಲ. ತಂದೆ ಹೇಗೆ ಸತ್ತನೆಂಬುದು ಮಗಳಿಗೆ ತಿಳಿದದ್ದು ನಡುವಯಸ್ಸಿನಲ್ಲಿ. ಹೀಗೆ ಗುಂಡಿಗೆ ಗುರಿಯಾದ 306 ಮಂದಿಗೆ 2006ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನಿನ ಮೂಲಕ ಕ್ಷಮೆ ನೀಡಿತು. ಗರ್ಟ್ರೂಡ್ ಅಷ್ಟು ಹೊತ್ತಿಗೆ ತೀರಿಹೋಗಿದ್ದಳು. ಮಗಳು ಬದುಕಿದ್ದಳು, ಅವಳಿಗೆ ಆಗ 93 ವರ್ಷ.

ಪಿಂಚಣಿಯ ಮಾತು ಬಂದದ್ದರಿಂದ ಒಂದು ವಿಷಯ. ಕಾಲು ಹೋದವನ ಪಿಂಚಣಿಗೆ ಕಾಲೇ ಸಾಕ್ಷಿ. ಮನಸ್ಸು ಕೆಟ್ಟವನು ಸಾಕ್ಷಿ ತರಬೇಕು. ಯುದ್ಧಕ್ಕೆ ಮೊದಲು ತಾನು ಸರಿಯಾಗಿದ್ದೆನೆಂದು ತೋರಿಸಬೇಕು. ಹಾಗಾಗಿ ಒಂದೊಂದು ಮನೆಯ ಹಳೆಯ ಕಥೆಗಳೂ ಸರಕಾರದ ಕಡತಕ್ಕೆ ಬಂದುವು. ಅಮೆರಿಕದ ಸೈನಿಕರು ವಿಯಟ್ನಾಮಿನಿಂದ ಹಿಂತಿರುಗಿದ ಮೇಲೆ, 1980ರಲ್ಲಿ, ಆ ದೇಶದ ಮನೋವೈದ್ಯರು ತಮ್ಮ ರೋಗಗಳ ಪಟ್ಟಿಯಲ್ಲಿ ಈ ಬೇನೆಗೆ ಹೊಸ ಹೆಸರು ಕೊಟ್ಟು ಸೇರಿಸಿದರು. ಕಾರಣ ಮನುಷ್ಯನ ದೌರ್ಬಲ್ಯದಲ್ಲಲ್ಲ, ಅವನ ಮೇಲೆ ಬಂದೆರಗಿದ ಘಟನೆಯಲ್ಲಿದೆ ಎಂಬ ಒಪ್ಪಿಗೆ ಅದರಲ್ಲಿತ್ತು. ಆ ದಶಕದಲ್ಲಿ ಅಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಿಯಟ್ನಾಮಿನಲ್ಲಿ ಸೇವೆ ಸಲ್ಲಿಸಿದ ಗಂಡಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಬದುಕಿನ ಯಾವುದಾದರೊಂದು ಹಂತದಲ್ಲಿ ಈ ಬೇನೆ ಬಂದಿತ್ತು. ಆ ಸಮೀಕ್ಷೆಯಲ್ಲಿ ಹೆಂಡತಿಯರನ್ನೂ ಕರೆದು ಕೂರಿಸಿ ಕೇಳಿದರು ಎಂಬುದು ನನಗೆ ಅಂಕಿಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಮನೆಯ ಕಥೆ ಹೇಳುವುದಿದೆ. ಅದು ಹೆಂಡತಿಯದಲ್ಲ, ತಮ್ಮನದು.

ಐವರ್ ಗರ್ನಿ ಗ್ಲಾಸ್ಟರ್ ಪಟ್ಟಣದ ದರ್ಜಿಯೊಬ್ಬನ ಮಗ. 1890ರಲ್ಲಿ ಹುಟ್ಟಿದವನು; ಸಂಗೀತಗಾರ, ಕವಿ; ಎರಡರಲ್ಲೂ ಒಂದೇ ಸಮನಾದ ಪ್ರತಿಭೆ. ಸಾಮಾನ್ಯ ಸಿಪಾಯಿಯಾಗಿ ಫ್ರಾನ್ಸಿಗೆ ಹೋದ. 1917ರ ಏಪ್ರಿಲಿನಲ್ಲಿ ತೋಳಿಗೆ ಗುಂಡು ತಗುಲಿತು. ಸೆಪ್ಟೆಂಬರಿನಲ್ಲಿ ವಿಷಾನಿಲ ಕುಡಿದ. 1918ರಲ್ಲಿ ಮನಸ್ಸು ಕುಸಿಯಿತು. ಸೇನೆಯಿಂದ ಬಿಡುಗಡೆ ಮಾಡುವಾಗ, ಕಾಯಿಲೆ ಯುದ್ಧದಿಂದ ಉಲ್ಬಣಿಸಿದೆ, ಆದರೆ ಯುದ್ಧದಿಂದ ಹುಟ್ಟಿದ್ದಲ್ಲ ಎಂದು ಬರೆದು, ವಾರಕ್ಕೆ 12 ಷಿಲಿಂಗ್ ಪಿಂಚಣಿ ಗೊತ್ತುಮಾಡಿದರು. ಅವನಿಗೆ 1913ರಲ್ಲೇ ಒಮ್ಮೆ ಚಿತ್ತಕ್ಷೋಭೆಯಾಗಿದ್ದುದು ನಿಜ. ಅವನ ಕಾಯಿಲೆಯನ್ನು ಶೆಲ್ ಶಾಕ್ ಎಂದು ಕರೆದುಬಿಡುವುದು ಸುಲಭವಾದರೂ ಸರಿಯಲ್ಲವೆಂದು ಅವನ ಜೀವನವನ್ನು ಬಲ್ಲವರು ಹೇಳುತ್ತಾರೆ. ಕಂದಕದ ಸ್ನೇಹಗಳಲ್ಲಿ ಅವನು ಒಂದು ಬಗೆಯ ನೆಮ್ಮದಿ ಕಂಡಿದ್ದನೆಂಬುದೂ ಸುಳ್ಳಲ್ಲ. ಯುದ್ಧ ಮುಗಿದ ಮೇಲೆ ಆ ನೆಮ್ಮದಿಯೂ ಹೋಯಿತು. ಇದನ್ನು ಮನೆಯವರಿಗೆ ವಿವರಿಸುವುದು ಹೇಗೆ? ಮಗ ಮನೆಗೆ ಬಂದಿದ್ದಾನೆಂದು ಅವರು ಸಂತೋಷಪಡುತ್ತಿದ್ದಾಗ ಅವನು ಬಿಟ್ಟುಬಂದ ಜಾಗಕ್ಕಾಗಿ ಕೊರಗುತ್ತಿದ್ದ.

1919ರಲ್ಲಿ ತಂದೆ ತೀರಿಕೊಂಡ. ತಮ್ಮ ರೊನಾಲ್ಡ್ ಅಂಗಡಿಯ ಹೊಣೆ ಹೊತ್ತ. ಐವರ್ ಹೊಲದಲ್ಲಿ ಕೂಲಿ ಮಾಡಿದ, ಸಿನಿಮಾ ಮಂದಿರದಲ್ಲಿ ಪಿಯಾನೋ ನುಡಿಸಿದ, ತೆರಿಗೆ ಕಚೇರಿಯಲ್ಲಿ ಗುಮಾಸ್ತನಾದ, ಯಾವುದೂ ನಿಲ್ಲಲಿಲ್ಲ. ರಾತ್ರಿಯೆಲ್ಲ ನಡೆಯುತ್ತಿದ್ದ, ಹಗಲೆಲ್ಲ ಬರೆಯುತ್ತಿದ್ದ. 1922ರಲ್ಲಿ, ರೊನಾಲ್ಡ್ ಹೊಸದಾಗಿ ಸಂಸಾರ ಹೂಡಿದ ಮನೆಗೆ, ಕೇಳದೆ ಹೇಳದೆ ಬಂದು ನೆಲೆಸಿದ. ರೇಡಿಯೋ ಆಗ ತಾನೇ ಬಂದ ಕಾಲ. ಅದರ ವಿದ್ಯುತ್ತಿನ ಅಲೆಗಳು ತನ್ನನ್ನು ಹಿಂಸಿಸುತ್ತಿವೆಯೆಂದು ತಲೆಯ ಮೇಲೆ ದಿಂಬಿಟ್ಟುಕೊಂಡು ಕೂರುತ್ತಿದ್ದ. ತನ್ನನ್ನು ಒಬ್ಬನನ್ನೇ ಬಿಡಿರೆಂದು ಕೂಗುತ್ತಿದ್ದ. ಸಾಯಲು ಪಿಸ್ತೂಲು ಬೇಕೆಂದು ಪೊಲೀಸು ಠಾಣೆಗೆ ಹೋಗಿ ಕೇಳಿದ. ಆ ವರ್ಷದ ಸೆಪ್ಟೆಂಬರಿನಲ್ಲಿ ವೈದ್ಯರ ಸರ್ಟಿಫಿಕೇಟಿನೊಡನೆ ಅವನನ್ನು ಮನೋರೋಗಿಗಳ ಆಸ್ಪತ್ರೆಗೆ ಸೇರಿಸಿದರು. ಡಿಸೆಂಬರಿನಲ್ಲಿ ಊರಿನಿಂದ ದೂರ, ಡಾರ್ಟ್‌ಫರ್ಡಿನ ಆಸ್ಪತ್ರೆಗೆ. ಅಲ್ಲಿಂದ ಅವನು ಮತ್ತೆ ಗ್ಲಾಸ್ಟರನ್ನು ನೋಡಲಿಲ್ಲ.

ಗರ್ನಿಯ ಕಾವ್ಯವನ್ನು ಪ್ರೀತಿಸುವವರು ರೊನಾಲ್ಡನನ್ನು ಕ್ಷಮಿಸುವುದಿಲ್ಲ. ಅವನು ಒರಟ, ಅಣ್ಣನ ಪ್ರತಿಭೆಯ ಬೆಲೆ ತಿಳಿಯದವನು ಎನ್ನುತ್ತಾರೆ. ಇದ್ದರೂ ಇರಬಹುದು. ಆದರೆ ಪ್ರತಿಭೆಯ ಬೆಲೆ ತಿಳಿದವರಾರ ಮನೆಯ ಕೋಣೆಯಲ್ಲೂ ಐವರ್ ತಲೆಯ ಮೇಲೆ ದಿಂಬಿಟ್ಟುಕೊಂಡು ಕೂತಿರಲಿಲ್ಲ. ಕೂತಿದ್ದುದು ಬಟ್ಟೆ ಅಳೆದು ಹೊಲಿದು ಬದುಕುವ ಆ ತಮ್ಮನ ಮನೆಯಲ್ಲಿ, ಆ ಮನೆಗೆ ಹೊಸದಾಗಿ ಕಾಲಿಟ್ಟ ಹೆಣ್ಣುಮಗಳ ಎದುರಿಗೆ. ಅಣ್ಣನನ್ನು ಆಸ್ಪತ್ರೆಗೆ ಕಳಿಸುವ ಕಾಗದ ಬರೆದ ಕೈಯನ್ನು ದೂರುವ ಮುನ್ನ, ಅದಕ್ಕೆ ಹಿಂದಿನ ರಾತ್ರಿಗಳನ್ನೂ ಎಣಿಸಬೇಕು.

ಆಸ್ಪತ್ರೆಗೆ ಬಂದುಹೋಗುತ್ತಿದ್ದವರು ಕೆಲವರೇ. ಅವರಲ್ಲಿ ಮರಿಯನ್ ಸ್ಕಾಟ್ ಎಂಬಾಕೆ ಅವನ ಬರಹಗಳನ್ನು ಕಾಪಾಡಿದಳು. 1930ರ ದಶಕದ ಮೊದಲಲ್ಲಿ ಆಕೆ ಹೆಲೆನ್ ಥಾಮಸಳನ್ನು ಜೊತೆಗೆ ಕರೆತಂದಳು. ಹೆಲೆನಳ ಗಂಡ ಎಡ್ವರ್ಡ್ ಥಾಮಸ್ ಕವಿ. 1917ರ ಏಪ್ರಿಲ್ 9ರಂದು ಅರಾಸಿನಲ್ಲಿ ಮಡಿದವನು. ಗರ್ನಿಗೆ ಅವನ ಕಾವ್ಯವೆಂದರೆ ಬಲು ಪ್ರೀತಿ. ಎರಡನೆಯ ಸಲ ಬರುವಾಗ ಏನು ತರಲಿ ಎಂದು ಯೋಚಿಸಿ, ಹೆಲೆನ್ ತನ್ನ ಗಂಡ ನಡೆದಾಡುವಾಗ ಒಯ್ಯುತ್ತಿದ್ದ ಗ್ಲಾಸ್ಟರ್ ಸೀಮೆಯ ಹಳೆಯ ನಕ್ಷೆಯನ್ನು ತಂದಳು. ಇಬ್ಬರೂ ಅದನ್ನು ಹಾಸಿಗೆಯ ಮೇಲೆ ಹರಡಿದರು. ಈ ಸಂದಿಯಿಂದ ಹೋದರೆ ಆ ಗುಡ್ಡ, ಇಲ್ಲಿ ಬೇಲಿ ದಾಟಿದರೆ ಆ ಹಳ್ಳಿ ಎಂದು ಅವನು ಬೆರಳಿಟ್ಟು ತೋರಿಸುತ್ತ ಹೋದ. ಆಕೆಯ ಬೆರಳು ಅವನ ಬೆರಳ ಹಿಂದೆ ಹೋಯಿತು. ಹಿಂತಿರುಗಿ ಬಾರದವನ ಹೆಂಡತಿ, ಹಿಂತಿರುಗಿ ಬಂದವನೊಡನೆ, ಒಂದು ಗಂಟೆಯ ಕಾಲ ಹಾಗೆ ನಡೆದಳು. ಮುಂದೆಯೂ ಕೆಲವು ಸಲ ಅದೇ ನಕ್ಷೆಯೊಡನೆ ಬಂದಳು.

1937ರ ಡಿಸೆಂಬರ್ 26ರಂದು ಗರ್ನಿ ಆ ಆಸ್ಪತ್ರೆಯಲ್ಲೇ ಕ್ಷಯದಿಂದ ತೀರಿಕೊಂಡ. ಅವನನ್ನು ಊರಿಗೆ ತಂದು, ಗ್ಲಾಸ್ಟರಿನ ಹತ್ತಿರದ ಟ್ವಿಗ್‌ವರ್ತ್ ಹಳ್ಳಿಯಲ್ಲಿ ಹೂಳಿದರು.